ಸುಣ್ಣದ ಕಂಬದಲ್ಲಿ ಹಳದಿ ಪಟ್ಟಿ

ಗಾಜಿನ ಕೊಳವೆಯೊಳಗೆ ಆ ಹಳದಿ ಪಟ್ಟಿ ಇಳಿಯುತ್ತಿದ್ದುದು ನನಗೆ ತೀರ ಸ್ಪಷ್ಟವಾಗಿ ನೆನಪಿದೆ. ನನ್ನ ಅನುಮಾನ ಶುರುವಾಗುವುದೇ ಆ ಸ್ಪಷ್ಟತೆಯಿಂದ. ನೆನಪಿನಲ್ಲಿ ಹಳದಿಯ ಕೆಳಗೆ ತೆಳ್ಳಗೆ ಒಂದು ನೀಲಿ ಹೊಳಪೂ ಇದೆ. ಅದು ಅಲ್ಲಿರಲು ಸಾಧ್ಯವೇ ಇಲ್ಲ. ಅಂಥ ಹೊಳಪು ಕಾಣಬೇಕಾದರೆ ನೇರಳಾತೀತ ದೀಪ ಬೇಕು. ರಾಯದುರ್ಗದ ನಮ್ಮ ಮನೆಯ ಹಿತ್ತಲ ಪಡಸಾಲೆಯಲ್ಲಿ ಇದ್ದದ್ದು ಕಿಟಕಿಯ ಬೆಳಕು ಮಾತ್ರ. ಎಷ್ಟೋ ವರ್ಷಗಳ ನಂತರ ಬೇರೆಲ್ಲೋ ನೋಡಿದ ನೀಲಿಯನ್ನು ಹಿಂದಕ್ಕೆ ಹೊತ್ತು ತಂದು ಆ ಕೊಳವೆಯಲ್ಲಿ ಇಟ್ಟಿದ್ದೇನೆ. ಇಷ್ಟು ಸಲೀಸಾಗಿ ಒಂದು ಬಣ್ಣ ಸೇರಿಸಿಕೊಂಡವನು ಇನ್ನೇನು ಸೇರಿಸಿದ್ದಾನೋ, ಏನು ತೆಗೆದುಹಾಕಿದ್ದಾನೋ.

ನನಗೆ ಇತ್ಯರ್ಥವಾಗಬೇಕಾದದ್ದು ಒಂದೇ ವಿಷಯ. ಮದರಾಸಿನ ನನ್ನ ಪ್ರೊಫೆಸರರಿಗೆ, ಗಿಡದ ಬೇರಿನಲ್ಲಿ ಹೊಸದೊಂದು ಅಲ್ಕಲಾಯ್ಡ್ ಸಿಕ್ಕಿದೆ ಎಂದು ಪತ್ರ ಬರೆದು ಅಂಚೆಗೆ ಹಾಕಿದೆ. ಅದು ಹೊಸದಲ್ಲ, ಅಲ್ಕಲಾಯ್ಡೇ ಅಲ್ಲ. ಹಾಕುವ ಹೊತ್ತಿಗೆ ಅದು ನನಗೆ ಗೊತ್ತಿತ್ತೇ, ಹಾಕಿದ ಮೇಲೆ ಗೊತ್ತಾಯಿತೇ? ನನ್ನ ಮುಂದಿನ ಬದುಕೆಲ್ಲ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ಮೇಲೆ ನಿಂತಿತು. ಉತ್ತರ ನಿಜವೋ ಅಲ್ಲವೋ ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ.

ಯುದ್ಧದ ಕಾಲ. ಜಪಾನಿನ ಬಾಂಬು ಬೀಳುತ್ತದೆಂಬ ಹೆದರಿಕೆಗೆ ಮದರಾಸು ಅರ್ಧ ಖಾಲಿಯಾದಾಗ ನಮ್ಮ ಪ್ರಯೋಗಶಾಲೆಗೂ ಬೀಗ ಬಿತ್ತು. ನಾನು ಎರಡು ಪೆಟ್ಟಿಗೆ ಪುಸ್ತಕ, ಒಂದು ಬಾಟಲಿ ಬೆಂಜೀನು ಹಿಡಿದು ಊರಿಗೆ ಬಂದೆ. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಜಾಗ ಖಾಲಿ ಇತ್ತು, ಸೇರಿಕೊಂಡೆ. ಆರು ತಿಂಗಳಾಗುವಷ್ಟರಲ್ಲಿ ಆಮ್ಲಜನಕ ತಯಾರಿಸುವ ಪಾಠವನ್ನು ನಿದ್ದೆಯಲ್ಲೂ ಮಾಡಬಲ್ಲವನಾದೆ. ಸಂಜೆ ಹೊತ್ತು ಬೆಟ್ಟದ ಬುಡದವರೆಗೆ ನಡೆದು ಹೋಗುವುದು, ವಾಪಸು ಬರುವುದು. ಮನೆಯಲ್ಲಿ ಕೂತರೆ ಎದ್ದು ನಿಲ್ಲುವುದು. "ಕಾಲಾಗ ಗಾಲಿ ಅದಾವೇನೋ ನಿನಗ?" ಎಂದು ಅಮ್ಮ ಕೇಳುತ್ತಿದ್ದಳು.

ಅಷ್ಟರಲ್ಲಿ ಪ್ರೊಫೆಸರರ ಕಾಗದ ಬಂತು. ಪ್ರಯೋಗಶಾಲೆ ಮತ್ತೆ ತೆರೆಯುತ್ತಿದೆ. ಸಂಶೋಧನೆಗೆ ಒಂದೇ ಸೀಟು. ಕೇಳಿರುವವರು ಇಬ್ಬರು, ನಾನು ಮತ್ತು ಕೊಯಮತ್ತೂರು ಕಡೆಯ ನನ್ನ ಸಹಪಾಠಿ. ಈ ನಡುವೆ ಏನಾದರೂ ಕೆಲಸ ಮಾಡಿದ್ದರೆ ತಿಂಗಳ ಕೊನೆಯೊಳಗೆ ಬರೆದು ತಿಳಿಸುವುದು.

ನಾನು ಏನೂ ಮಾಡಿರಲಿಲ್ಲ. ಬೆಟ್ಟದ ಬುಡಕ್ಕೆ ನಡೆದಿದ್ದೆ, ಅಷ್ಟೆ.

ಗಿಡದ ಕಹಿಯೊಳಗೆ ಇರುವ ಸತ್ವಗಳಲ್ಲಿ ಅಲ್ಕಲಾಯ್ಡುಗಳದ್ದು ಒಂದು ದೊಡ್ಡ ಬಳಗ. ಸಿಂಕೋನಾ ತೊಗಟೆಯಿಂದ ಬರುವ ಮಲೇರಿಯಾ ಮದ್ದು ಕ್ವಿನೈನು ಆ ಬಳಗದ್ದೇ. ಯುದ್ಧದಿಂದಾಗಿ ಆಗ ಕ್ವಿನೈನು ಸಿಗುತ್ತಿರಲಿಲ್ಲ, ಹಾಗಾಗಿ ಎಲ್ಲರ ಕಣ್ಣೂ ನಾಟಿ ಗಿಡಗಳ ಮೇಲೆ. ಒಂದೇ ಗಿಡದಲ್ಲಿ ಇಂಥವು ನಾಲ್ಕಾರು ಬೆರೆತಿರುತ್ತವೆ. ಅವನ್ನು ಬೇರೆ ಮಾಡಲು ಪ್ರೊಫೆಸರರು ಹೊಸ ವಿಧಾನವೊಂದನ್ನು ತೋರಿಸಿದ್ದರು. ಉದ್ದ ಗಾಜಿನ ಕೊಳವೆಯಲ್ಲಿ ಬಿಳಿ ಪುಡಿ ಒತ್ತಿ ಗಿಡಿದು ಕಂಬದಂತೆ ನಿಲ್ಲಿಸುವುದು, ಮೇಲಿಂದ ಗಿಡದ ರಸ ಸುರಿಯುವುದು, ಅದರ ಹಿಂದೆ ಹನಿಹನಿಯಾಗಿ ಬೆಂಜೀನನ್ನೋ ಸ್ಪಿರಿಟ್ಟನ್ನೋ ಬಿಡುವುದು. ಪುಡಿಗೆ ಒಂದೊಂದು ವಸ್ತುವಿನ ಮೇಲೆ ಒಂದೊಂದು ಬಗೆಯ ಹಿಡಿತ. ಹಿಡಿತ ಕಡಿಮೆ ಇದ್ದದ್ದು ಬೇಗ ಇಳಿಯುತ್ತದೆ, ಜಾಸ್ತಿ ಇದ್ದದ್ದು ಮೇಲೆ ಉಳಿಯುತ್ತದೆ. ಒದ್ದೆ ಒತ್ತುಕಾಗದದ ಮೇಲೆ ಶಾಯಿ ಬಿದ್ದರೆ ಬಣ್ಣ ಬಿಡಿಸಿಕೊಂಡು ಹರಡುತ್ತದಲ್ಲ, ಹಾಗೆ.

ಗಿಡ ಯಾವುದೆಂದು ಹುಡುಕುವ ಕಷ್ಟ ನನಗಿರಲಿಲ್ಲ. ಅಕ್ಕನನ್ನು ಕೊಟ್ಟಿದ್ದದ್ದು ಮಡಕಶಿರಾ ತಾಲ್ಲೂಕಿಗೆ, ಅಗಳಿ ಹತ್ತಿರದ ಹಳ್ಳಿ. ಕಡಲೆಕಾಯಿ, ರಾಗಿ, ಸ್ವಲ್ಪ ಹಿಪ್ಪುನೇರಳೆ ಬೆಳೆಯುವ ಮನೆ. ಅಕ್ಕನ ಅತ್ತೆಗೆ ಉಬ್ಬಸ. ಉಬ್ಬಸ ಏರಿದಾಗ ಕುರಿ ಕಾಯುವ ಮುದುಕಿಯೊಬ್ಬಳು ಒಂದು ಬಳ್ಳಿಯ ಎಲೆ ತಂದು ಕೊಡುತ್ತಿದ್ದಳು. ಅಗಿದರೆ ವಾಂತಿ ಬಂದ ಹಾಗಾಗಿ, ಆಮೇಲೆ ಉಸಿರು ಸಡಿಲವಾಗುತ್ತಿತ್ತಂತೆ. ಆಡುಮುಟ್ಟದ ಬಳ್ಳಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಜನ ಒಂದು ಬಳ್ಳಿಗೆ ಈ ಹೆಸರಿಟ್ಟಿದ್ದಾರೆಂದರೆ ಅದರಲ್ಲಿ ಏನೋ ಇರಲೇಬೇಕು. ಅಲ್ಕಲಾಯ್ಡ್ ಇದೆ ಎಂಬುದು ಆಗಲೇ ಗೊತ್ತಿತ್ತು. ಎಷ್ಟಿವೆ ಎಂಬುದು ಗೊತ್ತಿರಲಿಲ್ಲ.

ಪೆಟ್ರೋಲಿಗೆ ಬರವಿದ್ದ ಆ ದಿನಗಳ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕಲ್ಯಾಣದುರ್ಗದ ಮೇಲೆ ಹೋದೆ. ಏರು ಬಂದಲ್ಲೆಲ್ಲ ಇಳಿದು ನೂಕಿದ್ದು ನಿಜವಾದ ನೆನಪೆಂದೇ ನಂಬುತ್ತೇನೆ, ಯಾಕೆಂದರೆ ಅದರಿಂದ ನನಗೆ ಯಾವ ಲಾಭವೂ ಇಲ್ಲ.

ಮುದುಕಿ ಅಕ್ಕನ ಮನೆಯ ಜಗುಲಿಯ ಕೆಳಗೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನವ್ವ, ನಿನ್ ತಮ್ಮ ಇಷ್ಟು ಓದವ್ರೆ, ಇವ್ರಿಗೂ ಉಬ್ಸವಾ?"

"ಇಲ್ಲ ಕಣಜ್ಜಿ, ಅದರೊಳಗೆ ಏನೈತೆ ನೋಡ್ಬೇಕಂತೆ," ಎಂದಳು ಅಕ್ಕ.

"ವಾಂತಿ ಐತೆ. ಅದನ್ನ ನೋಡಾಕೆ ರಾಯದುರ್ಗದಿಂದ ಬರ್ಬೇಕಾ ಸಾಮಿ?"

ನನಗೆ ಎಲೆಯಲ್ಲ, ಬೇರು ಬೇಕು, ಐದು ಸೇರಿನಷ್ಟು ಬೇಕು, ಇವತ್ತೇ ಬೇಕು ಎಂದೆ. ಅವಳು ಬಾಯೊಳಗಿದ್ದ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡಳು. "ಎಲೆ ಆದ್ರೆ ಕಿತ್ಕೊಡ್ತೀನಿ. ಬೇರಂದ್ರೆ ಅದರ ಪ್ರಾಣ. ಇವತ್ತು ಕೇಳ್ಬೇಕು, ನಾಳೀಕೆ ಕೀಳ್ಬೇಕು."

"ಯಾರನ್ನ ಕೇಳ್ಬೇಕು?"

"ಬಳ್ಳೀನ."

"ಅದು ಬೇಡ ಅಂದ್ರೆ?"

"ಬ್ಯಾಡ ಅಂದ್ರೆ ನಿನ್ ಸೀಟು ಹೋಯ್ತು ಅಂತ ತಿಳ್ಕೋ," ಎಂದಳು. ಅಕ್ಕ ಊರೆಲ್ಲ ನನ್ನ ಸೀಟಿನ ವಿಷಯ ಹೇಳಿಬಿಟ್ಟಿದ್ದಳು.

ನಾನು ನಕ್ಕೆ. ಇದು ಖಂಡಿತ. ಆ ವಯಸ್ಸಿನಲ್ಲಿ ಇಂಥ ಮಾತಿಗೆಲ್ಲ ನಗುತ್ತಿದ್ದೆ. ಮರುದಿನ ಬೇರು ಕೀಳುವಾಗ ನಾನು ಹತ್ತಿರ ನಿಂತಿದ್ದೆನೇ? ನಿಂತಿರಲಿಲ್ಲ ಎನ್ನುತ್ತದೆ ನೆನಪು. ಹಿಪ್ಪುನೇರಳೆ ತೋಟದ ನೆರಳಲ್ಲಿ ಅತ್ತಿತ್ತ ಓಡಾಡುತ್ತಿದ್ದೆ, ರಜೆ ಮುಗಿಯುತ್ತದೆಂದು ಬೇರು ಒಣಗುವ ಮೊದಲೇ ಬಸ್ಸು ಹತ್ತಿದೆ. ಎಂಟು ದಿನದ ಮೇಲೆ ಭಾವ ಒಣಗಿದ ಬೇರನ್ನು ಚಾಪೆಯಲ್ಲಿ ಸುತ್ತಿ ತಂದು ಕೊಟ್ಟರು. ಬೇರಿನ ಮೇಲೆಲ್ಲ ನಸುಹಳದಿ ಇತ್ತು. ಆ ಬಳ್ಳಿಯ ಬೇರು ಸ್ವಭಾವತಃ ಮಾಸಲು ಬಣ್ಣದ್ದೇ. ಹಾಗಾಗಿ ಆ ಹಳದಿ ಎಲ್ಲಿಂದ ಬಂತೆಂದು ನಾನು ಯೋಚಿಸಲಿಲ್ಲ.

ತಿಂಗಳ ಕೊನೆಗೆ ಉಳಿದಿದ್ದದ್ದು ಹನ್ನೊಂದು ದಿನ. ಬೇರು ಕುಟ್ಟಿ, ಆಸ್ಪತ್ರೆಯ ಕಂಪೌಂಡರು ಕೊಟ್ಟ ಸ್ಪಿರಿಟ್ಟಿನಲ್ಲಿ ನೆನೆಹಾಕಿದೆ. ಇದಾದ ಮೇಲೆ ಮಾಡಬೇಕಾದದ್ದು ನನಗೆ ಚೆನ್ನಾಗಿ ಗೊತ್ತಿತ್ತು. ರಸವನ್ನು ಇಂಗಿಸಿ ಹುಳಿನೀರಿನಲ್ಲಿ, ಅಂದರೆ ತಿಳಿ ಆಮ್ಲದಲ್ಲಿ ಕದಡಬೇಕು. ಅಲ್ಕಲಾಯ್ಡ್ ಆಮ್ಲಕ್ಕೆ ಇಳಿಯುತ್ತದೆ, ಮೇಣ, ಅಂಟು, ಬಣ್ಣ ಹೆಚ್ಚುಪಾಲು ಹಿಂದೆ ಉಳಿಯುತ್ತವೆ. ಮತ್ತೆ ಕ್ಷಾರ ಹಾಕಿ ಅದನ್ನು ಬಿಡಿಸಿಕೊಳ್ಳಬೇಕು. ನಾಲ್ಕೈದು ದಿನದ ತಾಳ್ಮೆಯ ಕೆಲಸ. ನನ್ನ ಹತ್ತಿರ ದಿನಗಳಿದ್ದವು, ತಾಳ್ಮೆ ಇರಲಿಲ್ಲ. ಕಂಬವೇ ಎಲ್ಲವನ್ನೂ ಬೇರೆ ಮಾಡುತ್ತದಲ್ಲ, ಈ ತೊಳೆಯುವುದೆಲ್ಲ ಯಾಕೆ ಎಂದುಕೊಂಡೆ.

ಶಾಲೆಯಿಂದ ತಂದ ಬ್ಯೂರೆಟ್ಟೇ ಕೊಳವೆ. ಅದರ ತಳಕ್ಕೆ ಹತ್ತಿ. ಸುಣ್ಣದ ತಿಳಿನೀರಿಗೆ ಸೋಡಾ ಹಾಕಿ ಕೂರಿಸಿದ ಬಿಳಿ ಪುಡಿಯನ್ನು ತೊಳೆದು, ಒಣಗಿಸಿ, ಅದರೊಳಗೆ ಗಿಡಿದೆ. ತೊಳೆಯುವುದರಲ್ಲೂ ಅವಸರ ಮಾಡಿದ್ದೆ. ರಸ ಸುರಿದೆ. ಬೆಂಜೀನಿಗೆ ಸ್ಪಿರಿಟ್ಟು ಬೆರೆಸಿ ಹನಿಹನಿಯಾಗಿ ಬಿಟ್ಟೆ. ಮೇಲೆ ಒಂದು ಕಂದು ಕೊಳೆ ನಿಂತಿತು. ಅದರ ಕೆಳಗಿನಿಂದ ಒಂದು ಹಳದಿ ಪಟ್ಟಿ ಬಿಡಿಸಿಕೊಂಡು, ಸೀರೆಯ ಅಂಚಿನ ಹಾಗೆ ನೇರವಾಗಿ ಇಳಿಯತೊಡಗಿತು. ಅಲ್ಲಲ್ಲಿ ಅಂಚು ಕೆಂಪಗಿತ್ತು. ನಾನು ಎದ್ದು ನಿಲ್ಲದೆ, ನಡೆದಾಡದೆ ಕೂತ ಮಧ್ಯಾಹ್ನ ಆ ವರ್ಷದಲ್ಲಿ ಅದೊಂದೇ ಇರಬೇಕು.

ಹಳದಿಯನ್ನು ಬಟ್ಟಲಿನಲ್ಲಿ ಹಿಡಿದೆ. ಅಲ್ಕಲಾಯ್ಡಿದ್ದರೆ ಹಾಲಿನಂತೆ ಒಡೆಯುವ ಪಾದರಸದ ದ್ರಾವಣವೊಂದಿದೆ. ಒಂದು ಹನಿ ಹಾಕಿದೆ, ಒಡೆಯಿತು. ಇಂಥ ಹಳದಿ ಅಲ್ಕಲಾಯ್ಡನ್ನು ಈ ಬಳ್ಳಿಯಲ್ಲಿ ಯಾರೂ ಕಂಡದ್ದು ನಾನು ಓದಿರಲಿಲ್ಲ. ಒಡೆದದ್ದು ಹಳದಿಯಲ್ಲ, ಅದರ ಜೊತೆ ಬಣ್ಣವಿಲ್ಲದೆ ಇಳಿದು ಬಂದ, ಆಗಲೇ ತಿಳಿದಿದ್ದ ಅಲ್ಕಲಾಯ್ಡು ಎಂದು ಈಗ ಯಾವ ವಿದ್ಯಾರ್ಥಿ ಬೇಕಾದರೂ ಹೇಳುತ್ತಾನೆ. ನಾನು ಅಂದೇ ಪ್ರೊಫೆಸರರಿಗೆ ಎರಡು ಪುಟ ಬರೆದೆ. ಹೊಸದು ಎಂಬ ಮಾತಿನ ಮುಂದೆ 'ಬಹುಶಃ' ಎಂದು ಬರೆದು, ಹೊಡೆದುಹಾಕಿದೆ.

ಇಲ್ಲಿಂದ ಮುಂದೆ ಎರಡು ನೆನಪುಗಳಿವೆ. ಎರಡರ ಕ್ರಮ ನನಗೆ ಸಿಗುತ್ತಿಲ್ಲ.

ಮೊದಲನೆಯದು. ಹಳದಿಯ ಒಂದು ಪಾಲಿಗೆ ಸೋಡಾ ನೀರು ಹಾಕಿದ್ದೇನೆ, ಅದು ಕಡುಗೆಂಪಾಗಿದೆ. ಅಮ್ಮ ಹಿತ್ತಲಿಗೆ ಹೋಗುತ್ತಿದ್ದವಳು ನಿಂತು ಬಗ್ಗಿ ನೋಡುತ್ತಾಳೆ. "ಏನೋ ಇದು, ಆರತಿ ನೀರು ಕಲಸಿಟ್ಟೀಯಲ್ಲ. ಯಾರ ಬರಾಕತ್ತಾರ, ಬೀಗರೇನು?"

"ಅಮ್ಮ, ಅದು ಔಷಧಿ. ಬೇರಿನೊಳಗಿಂದು."

"ಔಷಧಿ ಅಲ್ಲಪಾ, ಅರಿಶಿಣ. ಸುಣ್ಣ ಸೋಡಾ ಏನರ ಬಿದ್ರ ಅರಿಶಿಣ ಕೆಂಪಾಗ್ತೈತಿ. ಇದಕ್ಕ ಮದ್ರಾಸಿಗೆ ಹೋಗಿ ಓದಿದ್ದೇನು?"

ನಮ್ಮ ಸೀಮೆಯಲ್ಲಿ ಮಗು ಬಂದರೂ ಮದುಮಗ ಬಂದರೂ ಬಾಗಿಲಲ್ಲಿ ಎತ್ತುವ ಆರತಿಗೆ ತಟ್ಟೆಯಲ್ಲಿ ಅರಿಶಿಣ ಕದಡಿ ಸುಣ್ಣ ಹಾಕಿ ಕೆಂಪು ಮಾಡುತ್ತಾರೆ. ನಾನೇ ಆ ನೀರು ದಾಟಿ ಎಷ್ಟು ಸಲ ಒಳಗೆ ಬಂದಿಲ್ಲ! ಬೇರಿಗೆ ಅರಿಶಿಣ ಎಲ್ಲಿಂದ ಬಂತೆಂದು ಅಮ್ಮನನ್ನು ಕೇಳಬೇಕಾಗಿಯೂ ಇರಲಿಲ್ಲ. ಬಳ್ಳಿಯನ್ನು ಕೇಳುವುದೆಂದರೆ ಅದೇ. ಬುಡಕ್ಕೆ ಅರಿಶಿಣ ಹಚ್ಚಿ, ನೂಲು ಕಟ್ಟಿ, ನಿನ್ನ ಪ್ರಾಣ ಕೊಡು ಎಂದು ಕೇಳಿಕೊಳ್ಳುವುದು. ಕಿತ್ತ ಮೇಲೆ ಹುಳು ಹತ್ತದಿರಲಿ, ದೃಷ್ಟಿ ತಾಗದಿರಲಿ ಎಂದು ಬೇರನ್ನೆಲ್ಲ ಅರಿಶಿಣದ ನೀರಲ್ಲಿ ಅದ್ದಿ ಒಣಗಿಸುವುದು. ನನ್ನ ಐದು ಸೇರು ಬೇರನ್ನು ಮುದುಕಿ ಮದುವಣಗಿತ್ತಿಯ ಹಾಗೆ ಅರಿಶಿಣ ಹಚ್ಚಿ ಕಳಿಸಿದ್ದಳು. ಹುಳಿನೀರಿನಲ್ಲಿ ಕದಡಿದ್ದರೆ ಆ ಅರಿಶಿಣ ಮೊದಲ ದಿನವೇ ಹಿಂದೆ ಉಳಿಯುತ್ತಿತ್ತು.

ಎರಡನೆಯ ನೆನಪು ಅಂಚೆ ಕಚೇರಿಯದು. ಸಂಜೆಯ ರೈಲಿಗೆ ಬಳ್ಳಾರಿಗೆ ಹೋಗುವ ಚೀಲ ಮೇಜಿನ ಮೇಲಿದೆ. ನನಗೆ ಏದುಸಿರು.

"ಒಂದು ಕವರು ವಾಪಸ್ ಬೇಕಿತ್ರಿ."

ಪೋಸ್ಟ್ ಮಾಸ್ಟರು ಕನ್ನಡಕ ಹಣೆಗೇರಿಸಿದರು. "ಚೀಲಕ್ಕ ಅರಗು ಬಿದ್ದದರಿ ಮೇಷ್ಟ್ರ. ಈಗ ಅದು ನಿಮ್ದೂ ಅಲ್ಲ, ನಮ್ದೂ ಅಲ್ಲ. ಯಾಕ್ರಿ, ಹುಡುಗಿಗೆ ಬರೆದಿದ್ರೇನು?"

"ಅಲ್ರಿ, ನಮ್ಮ ಪ್ರೊಫೆಸರಿಗೆ."

"ಹಂಗಾರ ಇನ್ನೂ ಕಷ್ಟ ಬಿಡ್ರಿ. ಹುಡುಗಿ ಆದ್ರ ಕ್ಷಮಿಸ್ತಿದ್ಲು."

ಇದು ನಡೆದದ್ದು ನಿಜವಾದರೆ, ಅಮ್ಮನ ಮಾತು ಪತ್ರ ಹಾಕಿದ ಮೇಲೆ ಬಂದದ್ದು, ಕೇಳಿದ ತಕ್ಷಣ ನಾನು ಓಡಿದ್ದು. ನಾನು ಹೇಳಿಕೊಂಡು ಬಂದಿರುವುದೂ ಹೀಗೆಯೇ. ಆದರೆ ಅಂಚೆ ಕಚೇರಿಗೆ ಅಂದು ಎರಡು ಸಲ ಹೋಗಿದ್ದೆ. ಹಾಕಲು ಹೋದಾಗಲೂ ಏದುಸಿರಿತ್ತು. ಡಬ್ಬಿಯ ಬಾಯಿಯಲ್ಲಿ ಕವರನ್ನು ಅರ್ಧ ತೂರಿಸಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆ. ಯಾಕೆ ನಿಂತಿದ್ದೆ? ಹೊಸ ಅಲ್ಕಲಾಯ್ಡ್ ಕಂಡುಹಿಡಿದವನು ಡಬ್ಬಿಯ ಮುಂದೆ ಯಾಕೆ ನಿಲ್ಲುತ್ತಾನೆ?

ಆ ದಿನಗಳ ನೋಟ್‌ಬುಕ್ಕು ನನ್ನ ಹತ್ತಿರ ಇದೆ. "ಪಾದರಸ: ಒಡೆಯಿತು. ಸೋಡಾ: ಕೆಂಪು." ಗಂಟೆ ಬರೆದಿಲ್ಲ. ಈ ಎರಡನೆಯ ಸಾಲು ನನ್ನನ್ನು ಬಿಡುವುದಿಲ್ಲ. ಪಾದರಸ ಒಡೆದ ಮೇಲೆ ಸೋಡಾದ ಅಗತ್ಯವೇನು? ಅಲ್ಕಲಾಯ್ಡನ್ನು ಹುಡುಕುವವನು ಹಾಗೆ ಸೋಡಾ ಹಾಕಿ ಬಣ್ಣ ನೋಡುವುದಿಲ್ಲ. ಅರಿಶಿಣದ ಅನುಮಾನ ಇದ್ದವನು ಹಾಕುತ್ತಾನೆ. ಅಥವಾ, ಕಂಬದಲ್ಲಿ ಪಟ್ಟಿಯ ಅಂಚು ಕೆಂಪಾದದ್ದು ನೋಡಿ ಬರೀ ಕುತೂಹಲಕ್ಕೆ ಹಾಕಿರಬಹುದು. ಹಾಗೂ ಆಗುತ್ತದೆ. ನನ್ನ ವಿದ್ಯಾರ್ಥಿ ಯಾರಾದರೂ ಈ ಎರಡನೆಯ ಸಮಜಾಯಿಷಿ ಕೊಟ್ಟಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಮರುದಿನ ಎರಡನೆಯ ಪತ್ರ ಬರೆದೆ. ಹಳದಿ ಪಟ್ಟಿ ಅರಿಶಿಣದ್ದು, ಬೇರು ಕಿತ್ತವರು ಸಂಪ್ರದಾಯದಂತೆ ಹಚ್ಚಿದ್ದು, ಆಮ್ಲದ ತೊಳೆತವನ್ನು ಬಿಟ್ಟದ್ದು ನನ್ನ ತಪ್ಪು. ಇಷ್ಟರವರೆಗೆ ಎಲ್ಲವೂ ಸತ್ಯ. ಆಮೇಲೆ ಒಂದು ವಾಕ್ಯ: "ಇದು ನನಗೆ ತಿಳಿದದ್ದು ಹಿಂದಿನ ಪತ್ರವನ್ನು ಅಂಚೆಗೆ ಹಾಕಿದ ನಂತರ." ಬರೆಯುವಾಗ ಕೈ ತಡೆಯಿತೇ? ತಡೆಯಿತೆಂದು ನೆನಪಿದೆ. ಈ ನೆನಪೂ ಆ ನೀಲಿ ಹೊಳಪಿನ ಜಾತಿಯದೇ ಇರಬಹುದು.

ಪ್ರೊಫೆಸರರ ಉತ್ತರ ಹತ್ತು ದಿನಕ್ಕೆ ಬಂತು. ಸೀಟು ನನಗೆ. ತಪ್ಪು ಎಲ್ಲರೂ ಮಾಡುತ್ತಾರೆ, ತಿಳಿದ ಕೂಡಲೇ ಯಾರೂ ಕೇಳದೆಯೇ ಒಪ್ಪಿಕೊಳ್ಳುವವನು ತಮಗೆ ಬೇಕು ಎಂದು ಬರೆದಿದ್ದರು. ಕೊಯಮತ್ತೂರಿನವನು ಈ ನಡುವೆ ಮಾಡಿದ್ದ ಕೆಲಸ ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು. ಆಮೇಲೆ ಅವನು ಊರಲ್ಲೇ ಮೇಷ್ಟ್ರ ಕೆಲಸ ಹಿಡಿದನೆಂದು ಕೇಳಿದೆ. ಆ ಕೆಲಸ ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ಮದರಾಸಿನಲ್ಲಿ ಉಳಿದ ಬೇರನ್ನು ಕ್ರಮವಾಗಿ ಶುದ್ಧಿ ಮಾಡಿದೆ. ಆಮ್ಲ, ಕ್ಷಾರ, ಆಮೇಲೆ ಕಂಬ. ಬಣ್ಣವಿಲ್ಲದ ಹರಳು ಬಂತು. ಕರಗುವ ಬಿಂದು ನೋಡಿದರೆ ಈಗಾಗಲೇ ತಿಳಿದಿದ್ದದ್ದೇ. ಹೊಸದೇನೂ ಇರಲಿಲ್ಲ. ನಾನು ಬೇರೆ ಗಿಡಗಳಿಗೆ ಹೋದೆ, ಅದರಲ್ಲೇ ಇಡೀ ಆಯುಷ್ಯ ಕಳೆದೆ. ಹೊಸದು ಎಂದು ಬರೆಯುವ ಮೊದಲು ಮೂರು ತಿಂಗಳು ಕಾಯಿಸುತ್ತೇನೆಂದು ನನ್ನ ಕೈಕೆಳಗಿನವರು ಬೈಯುತ್ತಿದ್ದರು.

ಎಷ್ಟೋ ವರ್ಷದ ಮೇಲೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಈ ಕಥೆಯನ್ನು ನಗುನಗುತ್ತಾ ಹೇಳಿದೆ. ಮುದುಕಿ ಅಷ್ಟರಲ್ಲಿ ತೀರಿಹೋಗಿದ್ದಳು. ಅಕ್ಕ ನಗಲಿಲ್ಲ. "ಅರಿಶಿಣ ನೀನೇ ಅಲ್ವೇನೋ ತಗೊಂಡ್ ಹೋಗಿ ಕೊಟ್ಟಿದ್ದು? ಅಜ್ಜಿ ಸಾಲ್ದು ಅಂದ್ಲು ಅಂತ ನಾನು ಮುತ್ತುಗದೆಲೇಲಿ ಕಟ್ಕೊಟ್ಟೆ. ಅಂಗಿಗೆಲ್ಲ ಮೆತ್ಕೊಂಡು ಬಂದು ನನ್ನೇ ಬೈದೆ."

"ನಾನಾ? ನಾನು ತೋಟದಲ್ಲಿದ್ದೆ ಕಣಕ್ಕ."

"ತೋಟಕ್ಕೆ ಹೋಗಿದ್ದು ಆಮೇಲೆ. ಬೈಕೊಂಡೇ ಹೋದೆ."

ಅಂಗಿಯ ಕಲೆ ನನಗೆ ನೆನಪಿದೆ. ಅದು ಅಕ್ಕ ಹೇಳುವ ಮೊದಲೇ ಇತ್ತೋ, ಹೇಳಿದ ಮೇಲೆ ಬಂತೋ ತಿಳಿಯದು. ಅಕ್ಕ ಹೇಳಿದ್ದು ನಿಜವಾದರೆ ಬೇರಿನ ಹಳದಿ ಯಾವುದೆಂದು ನನಗೆ ಮೊದಲಿನಿಂದಲೂ ಗೊತ್ತಿರಬೇಕಾಗಿತ್ತು. ಗೊತ್ತಿದ್ದದ್ದು ಮರೆತೆನೇ, ಮರೆಯುವುದು ಅನುಕೂಲವೆಂದು ಮರೆತೆನೇ?

ತಡೆಯಲಾರದೆ ಮರುದಿನವೇ ರಾಯದುರ್ಗಕ್ಕೆ ಹೋದೆ. ಅಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಣ್ಣು ಅಷ್ಟಾಗಿ ಕಾಣದು, ಕಲ್ಲನ್ನು ಬೆರಳಿನಲ್ಲೇ ಹುಡುಕಿ ತೆಗೆಯುತ್ತಿದ್ದಳು. ಕೂರದೆ, ಕಾಲು ತೊಳೆಯದೆ ಕೇಳಿದೆ. "ಅಮ್ಮ, ಆ ಕೆಂಪು ನೀರು ನೋಡಿ ಅರಿಶಿಣ ಅಂತ ನೀನು ಹೇಳಿದ್ದಿಯಲ್ಲ, ಅವತ್ತು ಯಾವ ಹೊತ್ತು?"

"ನಾನೆಲ್ಲಿ ಹೇಳ್ದೆ?" ಎಂದಳು. "ನೀನ ಬಟ್ಲ ಹಿಡ್ಕಂಡು ಒಲಿ ಹತ್ರ ಬಂದಿದ್ದಿ. ಅಮ್ಮ, ಇದು ಅರಿಶಿಣ ಇರಬಹುದಾ ನೋಡು ಅಂತ. ನಾನು ಹೂಂ ಅಂದೆ."

"ಆರತಿ ನೀರು ಅಂದಿದ್ದಿ. ಬೀಗರು ಬರ್ತಾರೇನು ಅಂತ ಕೇಳಿದ್ದಿ."

"ಅದನ್ನೂ ಅಂದಿರಬೇಕು ಬಿಡು. ಅನ್ನೋ ಅಂಥಾದ್ದ ಐತಿ."

"ನಾನು ಬಂದು ಕೇಳಿದ್ದು ಪತ್ರ ಹಾಕೋಕೆ ಹೋಗೋ ಮೊದಲಾ, ಆಮೇಲಾ?"

"ಯಾವ ಪತ್ರ?"

ಪತ್ರದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ನಾನು. ಅವಳ ಪಕ್ಕ ಕೂತು ಎರಡೂ ಪತ್ರಗಳ ಕಥೆ ಹೇಳಿದೆ. ಎಲ್ಲ ಕೇಳಿ, "ಅವರು ಸೀಟು ಕೊಟ್ರಲ್ಲ, ಇನ್ನೇನು?" ಎಂದಳು.

"ನಾನು ಹೇಳಿದ್ದು ಸುಳ್ಳಾಗಿದ್ರೆ?"

"ಸುಳ್ಳು ಅಂತ ನಿನಗ ಗೊತ್ತೈತೇನು?"

"ಗೊತ್ತಿಲ್ಲ."

"ಹಂಗಾರ ಗೊತ್ತಿಲ್ಲ ಅಂತಾನ ಬರೀಬೇಕಿತ್ತು," ಎಂದು ಮೊರವನ್ನು ನನ್ನ ಕಡೆ ತಳ್ಳಿದಳು.

ಪ್ರೊಫೆಸರರು ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು, ಪತ್ರ ಓದುವ ಸ್ಥಿತಿಯಲ್ಲಿ ಇರಲಿಲ್ಲ. ಕೊಯಮತ್ತೂರಿನವನ ವಿಳಾಸ ನನ್ನ ಹತ್ತಿರ ಇತ್ತು. ಅವನಿಗೆ ಬರೆದೆ. ಹಳದಿ ಪಟ್ಟಿ, ಸೋಡಾ, ಅಕ್ಕನ ಮಾತು, ಅಮ್ಮನ ಮಾತು, ಎಲ್ಲವನ್ನೂ. ನನಗೆ ಯಾವಾಗ ತಿಳಿಯಿತೆಂಬಲ್ಲಿಗೆ ಬಂದಾಗ, ಅದು ನನಗೆ ಗೊತ್ತಿಲ್ಲ ಎಂದು ಬರೆದೆ. ಈ ಸಲ ಡಬ್ಬಿಯ ಮುಂದೆ ನಿಲ್ಲಲಿಲ್ಲ. ಅವನಿಂದ ಉತ್ತರ ಬರಲಿಲ್ಲ.